ಪುರಾವೆಪ್ಪನ ಹುಲಿ

ಪುರಾವೆಪ್ಪನ ಕಷ್ಟಕ್ಕೆಲ್ಲ ಕಾರಣ ಎರಡೇ ಎರಡು ಪದ: ‘ಪುರಾವೆ ಬೇಕು’. ಅಂತರ್ಜಾಲದ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಬರೆದದ್ದಕ್ಕೆ ಅಚ್ಚಾದ ಪುರಾವೆ ಕೊಡಬೇಕು. ಕೊಡದವರ ಸಾಲಿನ ಪಕ್ಕದಲ್ಲಿ ಈ ಎರಡು ಪದಗಳ ಚೀಟಿ ಅಂಟಿಸುವುದು ಇವನ ಚಟ. ಮನೆಯಲ್ಲೂ ಬಿಡುತ್ತಿರಲಿಲ್ಲ. ತಲೆನೋವು ಅಂದ ಹೆಂಡತಿಗೂ ಒಮ್ಮೆ ಪುರಾವೆ ಕೇಳಿ ಎರಡು ದಿನ ಹೊರಗೆ ಊಟ ಮಾಡಿದ್ದ. ಅವನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಒಂದು ದಿನ ಅವನ ಚೀಟಿ ಬಿದ್ದದ್ದು ಊರಿನ ಪುಟದ ಒಂದು ಸಾಲಿಗೆ. ನೂರು ವರ್ಷದ ಹಿಂದೆ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯನ್ನು ಒಬ್ಬ ವಕೀಲರು ಬರೀ ವಾಕಿಂಗ್ ಸ್ಟಿಕ್ ಹಿಡಿದು ಬೋನಿಗೆ ಅಟ್ಟಿದರಂತೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಇದನ್ನು ತಾಯಿಗೆ ಹೇಳಿ ನಕ್ಕ. ಆಕೆ ನಗಲಿಲ್ಲ.

“ವಕೀಲರಲ್ಲ ಕಣೋ, ನಮ್ಮಜ್ಜಿ. ಬೇಕರಿಯಿಂದ ಟ್ರೇ ಬಡ್ಕೊಂಡು ಹೋಗಿ ಹುಲೀನ ಬೋನಿಗೆ ಸೇರಿಸಿ, ಒಲೇಲಿ ಬ್ರೆಡ್ ಇದೆ ಅಂತ ವಾಪಸ್ ಓಡಿ ಬಂದ್ಲು. ಎಷ್ಟು ಸಲ ಹೇಳಿಲ್ಲ ನಿನಗೆ?”

“ನೂರು ಸಲ ಹೇಳಿದೀಯ. ಪುರಾವೆ ಎಲ್ಲಿದೆಯಮ್ಮ?”

“ಮನೇಲೇ ಇದೆ, ಬಾ ತೋರಿಸ್ತೀನಿ.”

ಅಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಗ್ರಂಥಾಲಯದಲ್ಲಿ ನಿರ್ದೇಶಕಿ ಮೇಡಂ ಅವನನ್ನು ಕೋಣೆಗೆ ಕರೆಸಿದರು. ಅವರ ಕುರ್ಚಿಯ ಹಿಂದೆ ಕರಿ ಕೋಟಿನ ಒಬ್ಬ ಹಿರಿಯರ ದೊಡ್ಡ ಪಟ, ಕೈಯಲ್ಲಿ ವಾಕಿಂಗ್ ಸ್ಟಿಕ್. ಅದನ್ನು ಇಷ್ಟು ವರ್ಷ ನೋಡಿದ್ದರೂ ಪುರಾವೆಪ್ಪ ಇಂದೇ ಮೊದಲ ಸಲ ಸರಿಯಾಗಿ ನೋಡಿದ.

“ನಮ್ಮ ಮುತ್ತಾತ ಹುಲಿ ಅಟ್ಟಿದ್ದಕ್ಕೆ ಯಾವನೋ ತಲೆಕೆಟ್ಟವನು ಪುರಾವೆ ಕೇಳಿದಾನೆ ಕಣ್ರೀ. ಸಂಜೆ ವಿಶ್ವಕೋಶದವರು ಕಂಪ್ಯೂಟರಲ್ಲಿ ನೀವು ಮಾಡಿರೋ ಹೊಸ ಗುಂಡಿ ನೋಡೋಕೆ ಬರ್ತಾರಲ್ಲ, ಅವರ ಮುಂದೇನೇ ಹಳೇ ಪತ್ರಿಕೇಲಿರೋ ಆ ಸುದ್ದಿ ತೆಗೆದು ತೋರಿಸಿ. ಇಲ್ಲದಿದ್ರೆ ಆ ಗುಂಡಿಯಿಂದ ನಮಗೇನು ಪ್ರಯೋಜನ? ನೀವು ಮತ್ತೆ ಬಾಗಿಲಲ್ಲಿ ಚೀಲ ಇಸ್ಕೊಳ್ಳೋಕೆ ಹೋಗಬಹುದು.”

ಬಾಗಿಲಲ್ಲಿ ಓದುಗರ ಚೀಲ ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸದಿಂದ ಪಾರಾಗಲು ಅವನಿಗೆ ವರ್ಷಗಳು ಹಿಡಿದಿದ್ದವು. ಆ ಗುಂಡಿಯೋ, ಅವನ ಪಾಲಿಗೆ ಹೆತ್ತ ಮಗು. ಗ್ರಂಥಾಲಯದ ಹಳೆಯ ಪತ್ರಿಕೆಗಳೆಲ್ಲ ಕಂಪ್ಯೂಟರಿಗೆ ಏರಿದ್ದವು ನಿಜ, ಆದರೆ ಬರೀ ಚಿತ್ರಗಳಾಗಿ. ಒಂದು ಸುದ್ದಿಗಾಗಿ ಪುಟಪುಟ ಹಿಗ್ಗಿಸಿ ಕಣ್ಣು ಕೆಡಿಸಿಕೊಳ್ಳಬೇಕು, ದಿನಾಂಕ, ಪುಟಸಂಖ್ಯೆ ಎಲ್ಲ ಕೈಯಿಂದ ಬರೆದುಕೊಳ್ಳಬೇಕು. ಈಗ ಪದ ಹೊಡೆದು ಹುಡುಕಬಹುದು. ಸುದ್ದಿಯ ಸುತ್ತ ಗೆರೆ ಎಳೆದು ಗುಂಡಿ ಒತ್ತಿದರೆ ಪುರಾವೆಯ ಸಾಲು ತಾನಾಗಿಯೇ ತಯಾರಾಗಿ ವಿಶ್ವಕೋಶದಲ್ಲಿ ಹೋಗಿ ಕೂರುತ್ತದೆ.

‘ಹುಲಿ’ ಎಂದು ಹೊಡೆದ. ಹುಲಿ ಮಾರ್ಕಿನ ಸೋಪು ಬಂತು. ಆಮೇಲೆ ಹುಲಿ ಮಾರ್ಕಿನ ಬೆಂಕಿಪೊಟ್ಟಣ, ಬೋಳುತಲೆಗೆ ಹುಲಿ ಮಾರ್ಕಿನ ಎಣ್ಣೆ. ಮಧ್ಯಾಹ್ನದ ಹೊತ್ತಿಗೆ ಆ ಕಾಲದವರು ಹುಲಿ ಹೆಸರಿನಲ್ಲಿ ಮಾರದೆ ಬಿಟ್ಟದ್ದು ಹುಲಿಯನ್ನು ಮಾತ್ರ ಅನ್ನಿಸಿತು.

ಅದೇ ಹೊತ್ತಿಗೆ ಲೆಕ್ಕದ ವಿಭಾಗದ ಲೆಕ್ಕಿಗ ಒಂದು ತುಕ್ಕು ಹಿಡಿದ ಪದಕ ತಂದು ಮೇಜಿನ ಮೇಲಿಟ್ಟ. “ನಮ್ಮ ತಾತ ಸೈಕಲ್ ರೇಸಲ್ಲಿ ಗೆದ್ದಿದ್ದು ಸಾರ್. ವಿಶ್ವಕೋಶಕ್ಕೆ ಹಾಕ್ಬಿಡಿ.”

“ಪದಕ ಪುರಾವೆ ಆಗಲ್ಲ. ಅಚ್ಚಾಗಿರಬೇಕು.”

“ತಾತನ ಹೆಸರು ಕೆತ್ತಿದೆಯಲ್ಲ ಸಾರ್.”

“ಕೆತ್ತಿದರೆ ಆಗಲಿಲ್ಲ, ಅಚ್ಚಾಗಿರಬೇಕು.”

ಲೆಕ್ಕಿಗ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮುಖ ಊದಿಸಿ ಹೋದ.

ಸಂಜೆ ಪುರಾವೆಪ್ಪನಿಗೆ ಬುದ್ಧಿ ಹೊಳೆಯಿತು. ಹುಲಿಯನ್ನು ಬಿಟ್ಟು ಸರ್ಕಸ್ಸನ್ನು ಹುಡುಕಿದ. ‘ಸರ್ಕಸ್ ಹುಲಿಯ ಪರಾರಿ’ ಎಂಬ ತಲೆಬರಹ ಕಂಡಿತು. ಒಮ್ಮೆ ಓದಿ ನೋಡೋಣ ಎಂದು ಕನ್ನಡಕ ಏರಿಸುವಷ್ಟರಲ್ಲಿ ಲೆಕ್ಕಿಗ ಬಾಗಿಲಲ್ಲಿ ಇಣುಕಿದ.

“ನಿಮ್ಮ ಪರದೇಲಿರೋದನ್ನ ಸಭಾಂಗಣದ ಗೋಡೆ ಮೇಲೆ ಬಿಟ್ಟಿದೀನಿ ಸಾರ್. ಸಹಾಯ ಆಗ್ಲಿ ಅಂತ. ಎಲ್ಲಾರೂ ಓದ್ತಿದಾರೆ.”

ಓಡಿ ಹೋಗಿ ನೋಡಿದರೆ ನೂರು ವರ್ಷದ ಹಿಂದಿನ ಒಂದು ದಿನ ಗೋಡೆಯ ತುಂಬ ನಿಂತಿತ್ತು. ಕಳೆದುಹೋದ ಕೊಡೆ, ಬಾಡಿಗೆಗಿರುವ ಮನೆ, ನಾಳೆಯ ನಾಟಕ. ಎಂದೋ ಮಣ್ಣಾದವರೆಲ್ಲ ಈಗ ತಾನೆ ಮಾತು ನಿಲ್ಲಿಸಿ ತಿರುಗಿ ನೋಡಿದಂತೆ. ವಿಶ್ವಕೋಶದವರು ಬಾಯಿ ತೆರೆದು ಕೂತಿದ್ದರು. ಅವರ ಮುಂದಾಳು ಒಬ್ಬ ನರ್ಸಮ್ಮ. ಆಕೆ ಎದ್ದು ನಿಂತು ಗಟ್ಟಿಯಾಗಿ ಓದತೊಡಗಿದರು.

“‘ಹುಲಿಯನ್ನು ಕಂಡೊಡನೆ ವಕೀಲರು ದೀಪದ ಕಂಬವನ್ನೇರಿದರು. ಅವರ ಊರುಗೋಲು ಕೆಳಗೆ ಬಿದ್ದಿತು. ಆಗ ಬೇಕರಿಯ ಹೆಂಗಸೊಬ್ಬಳು ತಗಡಿನ ತಟ್ಟೆಯನ್ನು ಬಡಿಯುತ್ತ ಬಂದು, ಮೇಲೆರಗಿದ ಹುಲಿಗೆ ಅದನ್ನೇ ಅಡ್ಡ ಹಿಡಿದು, ಬೋನಿನವರೆಗೂ ನಡೆಸಿದಳು. ಹೆಸರು ಕೇಳಲಾಗಿ, ಒಲೆಯಲ್ಲಿ ಬ್ರೆಡ್ಡಿದೆ ಎಂದು ಹೇಳಿ ಹೊರಟುಹೋದಳು.’”

ಮೇಡಂ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಪುರಾವೆಪ್ಪನಿಗೆ ಮೇಡಂ ಅಲ್ಲಿರುವುದೇ ಮರೆತುಹೋಗಿತ್ತು. ತಾಯಿಯ ಕತೆಯ ಕೊನೆಯ ಮಾತು ಗೋಡೆಯ ಮೇಲೆ, ಅಚ್ಚಾಗಿ! ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ನೂರು ಸಲ ನಕ್ಕಿದ್ದನಲ್ಲ, ಆ ಒಂದೊಂದು ನಗೆಯೂ ಈಗ ತಿರುಗಿ ಅವನನ್ನೇ ನೋಡಿ ನಕ್ಕಿತು.

ನರ್ಸಮ್ಮ ಸಭಾಂಗಣದ ಕಂಪ್ಯೂಟರಿನಲ್ಲಿ ಆ ಸಾಲು ತಿದ್ದಿ, ಸುದ್ದಿಯ ಸುತ್ತ ಗೆರೆ ಎಳೆದು ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ವಿಶ್ವಕೋಶದಲ್ಲಿ ವಕೀಲರು ಕಂಬ ಏರಿದರು.

“ಎಂಥ ಸುಲಭ ಮಾಡಿಟ್ಟಿದೀರಿ ಸಾರ್,” ಎಂದರು ಆಕೆ ಮನಸಾರೆ. “ನಿನ್ನೆ ಈ ಸಾಲಿಗೆ ಚೀಟಿ ಅಂಟಿಸಿದ್ದೂ ನೀವೇ ಅಲ್ವಾ?”

ಮೇಡಂ ಕುರ್ಚಿ ಕಿರ್ರೆಂದಿತು. ಪುರಾವೆಪ್ಪ ಅದನ್ನೂ ಕೇಳಿಸಿಕೊಳ್ಳಲಿಲ್ಲ.

“ಆಕೆ ನಮ್ಮಮ್ಮನ ಅಜ್ಜಿ,” ಎಂದ. “ಆಕೆಯ ಹೆಸರು ಸೇರಿಸಿ. ನಾನು ಹೇಳ್ತೀನಿ, ಬರ್ಕೊಳ್ಳಿ.”

ನರ್ಸಮ್ಮ ಕೈಯನ್ನು ಕೀಲಿಮಣೆಯಿಂದ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

“ಪುರಾವೆ?”

ಗುಂಡಿಯನ್ನು ಎಲ್ಲರೂ ಹೊಗಳಿದ್ದರಿಂದ ಮೇಡಂ ಅದನ್ನು ಉಳಿಸಿಕೊಂಡರು. ನೋಡಿಕೊಳ್ಳುವ ಕೆಲಸವನ್ನು ಮಾತ್ರ ಲೆಕ್ಕಿಗನಿಗೆ ಕೊಟ್ಟರು. ಪುರಾವೆಪ್ಪನಿಗೆ ಚೀಲಗಳ ಬಿಲ್ಲೆ.

ಮನೆಗೆ ಬಂದವನು ನೇರವಾಗಿ ತಾಯಿಯ ಮುಂದೆ ನಿಂತ. “ಅಮ್ಮ, ಬೆಳಿಗ್ಗೆ ಏನೋ ತೋರಿಸ್ತೀನಿ ಅಂದೆಯಲ್ಲ.”

ಆಕೆ ಬಚ್ಚಲುಮನೆಗೆ ಕರೆದೊಯ್ದು ನೀರಿನ ಡ್ರಮ್ಮಿನ ಮುಚ್ಚಳ ಎತ್ತಿಕೊಟ್ಟರು. ಹುಟ್ಟಿದಾಗಿನಿಂದ ನೋಡುತ್ತಿದ್ದ ತಗಡಿನ ತಟ್ಟೆ. ಬೆಳಕಿಗೆ ಹಿಡಿದ. ಅಡ್ಡಕ್ಕೆ ನಾಲ್ಕು ಆಳವಾದ ಗೀರು. ತನ್ನ ನಾಲ್ಕು ಬೆರಳನ್ನು ಅದರ ಮೇಲಿಟ್ಟ. ಗೀರುಗಳು ಬೆರಳುಗಳಿಗಿಂತ ಅಗಲಕ್ಕೆ ಹರಡಿದ್ದವು. ಬಹಳ ಹೊತ್ತು ಕೈ ತೆಗೆಯಲು ಮನಸ್ಸಾಗಲಿಲ್ಲ.

ಆಮೇಲೆ ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡೇ ಲೆಕ್ಕಿಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ, ಗೀರುಗಳ ಅಗಲವನ್ನೂ ಬಿಡಲಿಲ್ಲ. ಲೆಕ್ಕಿಗ ಕೊನೆಯವರೆಗೂ ತಾಳ್ಮೆಯಿಂದ ಕೇಳಿದ.

“ತಟ್ಟೆ ಪುರಾವೆ ಆಗಲ್ಲ ಸಾರ್,” ಎಂದ. “ಅಚ್ಚಾಗಿರಬೇಕು.”