ಡಬ್ಬಿ ಖಾಲಿ ಹೋದ ವೃತ್ತಾಂತ

ಒಂದು ವಿಷಯವನ್ನು ಕಲಿಸಬೇಕಾದರೆ ಅದು ನಮಗೆ ಗೊತ್ತಿರಲೇಬೇಕು ಎಂಬುದು ಮೂಢನಂಬಿಕೆ. ಈಜು ಕಲಿಸುವವನು ಮುಳುಗಿ ಸಿಕ್ಕಿಬೀಳುತ್ತಾನೆ. ವಾಣಿಜ್ಯ ಕಲಿಸುವವನಿಗೆ ಆ ಭಯವಿಲ್ಲ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ವಾಣಿಜ್ಯ ಕಲಿಸುತ್ತಿದ್ದೇನೆ. ಈ ವರ್ಷ ನನ್ನ ಪಾಲಿಗೆ ಬಂದ ಪತ್ರಿಕೆ ಸಪ್ಲೈ ಚೈನ್ ಮ್ಯಾನೇಜ್‌ಮೆಂಟಿನ ಮೂಲತತ್ವಗಳು. ಹೆಸರು ಕೇಳಿದಾಗ ಕಬ್ಬಿಣದ ಅಂಗಡಿ ನೆನಪಾಯಿತು. ಪುಸ್ತಕ ತೆರೆದು ನೋಡಿದರೆ ಸಂಗತಿ ಇಷ್ಟೇ: ಬೇಕಾದ ವಸ್ತು, ಬೇಕಾದಷ್ಟು, ಬೇಕಾದ ಹೊತ್ತಿಗೆ, ಬೇಕಾದವರ ಕೈ ಮುಟ್ಟಬೇಕು. ಇದನ್ನು ಹೇಳಲು ಪುಸ್ತಕಕ್ಕೆ ನಾನೂರು ಪುಟ ಬೇಕಾಗಿವೆ. ನನ್ನ ಹೆಂಡತಿ ಶಾರದಾ, ನಾನು ಕೊತ್ತಂಬರಿ ತರಲು ಹೋಗಿ ಮೆಂತ್ಯೆ ತಂದಾಗಲೆಲ್ಲ, ಇದನ್ನೇ ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ.

ನಮ್ಮ ಮನೆಗೂ ಇಂಥ ಒಂದು ಸರಪಳಿ ಇದೆ. ಅದರ ಒಂದು ತುದಿ ಹುನಗುಂದದಲ್ಲಿರುವ ನನ್ನ ಅಕ್ಕ ಗಂಗಕ್ಕ. ಇನ್ನೊಂದು ತುದಿ ನನ್ನ ಹೊಟ್ಟೆ. ಪ್ರತಿ ಗುರುವಾರ ಗಂಗಕ್ಕ ದೊಡ್ಡದೊಂದು ಸ್ಟೀಲ್ ಡಬ್ಬಿಯಲ್ಲಿ ಗರಿಗರಿಯಾದ ಮೂವತ್ತು ಕಟಕ ಜೋಳದ ರೊಟ್ಟಿ ಕಳಿಸುತ್ತಾಳೆ. ತರುವವನು ಅವಳ ನೆರೆಮನೆಯ ಮುದಕಪ್ಪ. ಬಾಗಲಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಅವನು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾನೆ. ದಾರಿಯಲ್ಲಿ ಹಂಪ್ ಬಂದಾಗಲೆಲ್ಲ ರೊಟ್ಟಿ ಮುರಿಯದಂತೆ ಡಬ್ಬಿಯನ್ನು ಎರಡೂ ಕೈಯಲ್ಲಿ ಗಾಳಿಯಲ್ಲಿ ಎತ್ತಿ ಹಿಡಿಯುತ್ತಾನಂತೆ. ತನ್ನ ಸೊಂಟದ ಬಗ್ಗೆ ಅವನಿಗೆ ಅಷ್ಟು ಕಾಳಜಿಯಿಲ್ಲ. ಮರುದಿನ ಸಂಜೆ ನಮ್ಮ ಕಾಲೇಜಿನ ಗೇಟಿನಲ್ಲಿ ನನ್ನಿಂದ ಅದೇ ಡಬ್ಬಿಯನ್ನು ಮರಳಿ ಒಯ್ಯುತ್ತಾನೆ. ಮರಳಿ ಒಯ್ಯುವಾಗ ಅದು ಖಾಲಿ ಇರುವಂತಿಲ್ಲ. ಇನ್ನೊಬ್ಬರ ಮನೆಯ ಡಬ್ಬಿಯನ್ನು ನಮ್ಮ ಕಡೆ ಬರಿದಾಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಶಾರದಾ ಅದರ ತುಂಬ ಶೇಂಗಾ ಹಿಂಡಿ ಹಾಕುತ್ತಾಳೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಉಪ್ಪು ಕೂಡಿಸಿ ಕುಟ್ಟಿದ ಆ ಪುಡಿಯ ಬಗ್ಗೆ ನಾನು ಹೆಚ್ಚು ಹೇಳಬಾರದು. ಹೇಳಿದರೆ ಮುಂದಿನ ಅಪರಾಧಕ್ಕೆ ಸಮರ್ಥನೆಯಂತೆ ಕಾಣುತ್ತದೆ.

ಅಪರಾಧ ನಡೆದದ್ದು ಒಂದು ಶುಕ್ರವಾರ, ಸ್ಟಾಫ್ ರೂಮಿನಲ್ಲಿ. ಇತಿಹಾಸದ ಸಹೋದ್ಯೋಗಿ ರೊಟ್ಟಿಯ ಬುತ್ತಿ ಬಿಚ್ಚಿದರು. ಅವರಲ್ಲಿ ಪಲ್ಯ ಇರಲಿಲ್ಲ. ಮಾನವೀಯತೆಯ ದೃಷ್ಟಿಯಿಂದ ನಾನು ಡಬ್ಬಿಯ ಮುಚ್ಚಳ ತೆರೆದೆ. ಅವರು ಎರಡು ಚಮಚ ಹಾಕಿಸಿಕೊಂಡು ಉಂಡು ತರಗತಿಗೆ ಹೋದರು. ನನಗೆ ಎರಡು ಪಿರಿಯಡ್ ಬಿಡುವಿತ್ತು, ಅವರ ರೊಟ್ಟಿಯೂ ಉಳಿದಿತ್ತು. ಕೊನೆಯ ಗಂಟೆ ಬಾರಿಸಿದಾಗ ಡಬ್ಬಿಯ ತಳದಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಸಂಜೆ ಮುದಕಪ್ಪ ಡಬ್ಬಿಯನ್ನು ಕೈಗೆತ್ತಿಕೊಂಡು ಅನುಮಾನದಿಂದ ತೂಗಿ ನೋಡಿದ. "ಸರ, ಹಗರ ಐತೆಲ್ರಿ?"

"ಇದಕ್ಕ ರಿವರ್ಸ್ ಲಾಜಿಸ್ಟಿಕ್ಸ್ ಅಂತಾರ, ಮುದಕಪ್ಪ" ಎಂದೆ. ಹೋದ ವಸ್ತು ಬಂದ ದಾರಿಯಲ್ಲೇ ಮರಳುವುದಕ್ಕೆ ಪುಸ್ತಕ ಇಟ್ಟ ಹೆಸರು ಅದು.

"ಹಂಗಾರ ಜ್ವಾಕಿಲೇ ಒಯ್ತೇನಿ ಬಿಡ್ರಿ" ಎಂದು ಅವನು ಅದನ್ನು ಎದೆಗವಚಿಕೊಂಡು ಹೋದ. ಡಬ್ಬಿ ಮರಳುವಾಗ ಸರಕು ಹೊರುವುದು ವ್ಯವಸ್ಥೆಗೆ ವೃಥಾ ಭಾರ ಎಂಬ ನನ್ನ ಸಿದ್ಧಾಂತ ಹುಟ್ಟಿದ್ದು ಅದಾದ ಮೇಲೆ, ಮನೆಗೆ ನಡೆಯುವ ದಾರಿಯಲ್ಲಿ. ಜಗತ್ತಿನ ಎಷ್ಟೋ ಸಿದ್ಧಾಂತಗಳು ಹೊಟ್ಟೆ ತುಂಬಿದ ಮೇಲೆಯೇ ಹುಟ್ಟಿರಬೇಕೆಂದು ನನ್ನ ಅನುಮಾನ.

ಮುಂದೆ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಗಂಗಕ್ಕ ಡಬ್ಬಿ ತೆರೆದಳು, ಒಳಗೆ ಕೈಯಾಡಿಸಿದಳು, ಇಳಕಲ್ಲಿನ ಚಿಗವ್ವನಿಗೆ ಫೋನ್ ಮಾಡಿದಳು. ಚಿಗವ್ವ ನಮ್ಮ ತಾಯಿಯ ತಂಗಿ. ಅವಳ ಮನೆಯಲ್ಲಿ ನಾಲ್ಕು ಪವರ್‌ಲೂಮುಗಳು ಒಟ್ಟಿಗೆ ಖಟಖಟಿಸುತ್ತವೆ. "ಚಿಗವ್ವಾ, ತಮ್ಮನ ಮನಿಯಿಂದ ಡಬ್ಬಿ ಖಾಲಿ ಬಂದೈತಿ!" ಎಂದು ಗಂಗಕ್ಕ ಕೂಗಿದ್ದು ಮಗ್ಗಗಳ ಸದ್ದಿನಲ್ಲಿ ಹಾಯ್ದು "ತಮ್ಮನ ನೌಕರಿ ಖಾಲಿ ಆಗೈತಿ" ಎಂದು ಅವಳ ಕಿವಿ ಸೇರಿತು. ಚಿಗವ್ವ ಕೆಂಪು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾದಾಮಿಯ ಸೋದರಮಾವನಿಗೆ "ಅವಂದು ಎಲ್ಲಾ ಖಾಲಿ ಆತೋ" ಎಂದಳು. ಮಾವ ವ್ಯವಹಾರಸ್ಥ. ನೌಕರಿ ಹೋದವನು ಮನೆ ಖಾಲಿ ಮಾಡುತ್ತಿದ್ದಾನೆ ಎಂದು ತಿಳಿದುಕೊಂಡ. ಅಂಗಡಿಯಲ್ಲಿ ಎದ್ದ ಒಂದು ಸಣ್ಣ ಅಲುಗಾಟ ಕಾರ್ಖಾನೆ ಮುಟ್ಟುವಷ್ಟರಲ್ಲಿ ದೊಡ್ಡ ಅಲೆಯಾಗುತ್ತದೆ ಎಂದು ಹೇಳುವ 'ಚಾವಟಿ ಪರಿಣಾಮ' ಎಂಬ ಒಂದು ಅಧ್ಯಾಯವೇ ಪುಸ್ತಕದಲ್ಲಿದೆ. ಅದನ್ನು ವಿವರಿಸಲು ನಾನು ಬೋರ್ಡಿನ ಮೇಲೆ ಚಾವಟಿಯ ಚಿತ್ರ ಬರೆದಿದ್ದೆ. ವಿದ್ಯಾರ್ಥಿಗಳು ಹಾವೆಂದು ಬರೆದುಕೊಂಡಿದ್ದರು.

ಸೋಮವಾರದಿಂದ ಡಬ್ಬಿಗಳು ಬರತೊಡಗಿದವು. ಹುನಗುಂದದಿಂದ ಅರವತ್ತು ರೊಟ್ಟಿ. ಇಳಕಲ್ಲಿನಿಂದ ಸಜ್ಜಿರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಉಂಡಿ, ಹಚ್ಚಿದ ಅವಲಕ್ಕಿ. ಕಲಾದಗಿಯಲ್ಲಿರುವ, ನಾನು ಎರಡೇ ಸಲ ನೋಡಿದ ಬೀಗರೊಬ್ಬರಿಂದ ಒಂದು ಬುಟ್ಟಿ ಚಿಕ್ಕು. ಗುರುವಾರದ ಹೊತ್ತಿಗೆ ಮನೆಯಲ್ಲಿ ಹದಿನೇಳು ಡಬ್ಬಿಗಳಿದ್ದವು. ನಾನು ಮಲಗುವಾಗ ಕಾಲು ಮಡಚಬೇಕಾಯಿತು. ಒಂದನ್ನೂ ಖಾಲಿ ಮರಳಿಸುವಂತಿಲ್ಲ. ಶಾರದಾ ಇಳಕಲ್ಲಿನ ಉಂಡಿಯನ್ನು ಹುನಗುಂದಕ್ಕೂ ಹುನಗುಂದದ ರೊಟ್ಟಿಯನ್ನು ಇಳಕಲ್ಲಿಗೂ ತುಂಬಿ ಕಳಿಸಿದಳು. "ಪಾಪ, ತಾವು ಉಣ್ಣೂದನ್ನೂ ನಮಗ ಕಳಿಸಾಕತ್ತಾರ" ಎಂದು ಅವರು ಮರುದಿನ ಎರಡರಷ್ಟು ಕಳಿಸಿದರು.

ಕೊನೆಗೆ ಗಂಗಕ್ಕ ಶಾರದಾಳಿಗೇ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದಳು: "ಖರೆ ಹೇಳವ್ವಾ, ಡಬ್ಬ್ಯಾಗ ಹಾಕಾಕ ಒಂದ ಹಿಡಿ ಹಿಂಡಿನೂ ಇರಲಿಲ್ಲೇನು ಮನ್ಯಾಗ?"

ಶಾರದಾ ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಅದು ನನಗೆ ಅನಿರೀಕ್ಷಿತ. "ಈ ಮನಿಗೆ ಬಂದಾಗಿಂದ ನನ್ನ ಕೈಯಿಂದ ಒಂದ ಡಬ್ಬಿ ಖಾಲಿ ಹೋಗಿಲ್ರಿ. ಅವತ್ತು ಕಂಠಮಟ ತುಂಬಿ ಕೊಟ್ಟೇನಿ. ಐತವಾರ ಗಂಗಕ್ಕನ ಸೊಸಿ ಕುಬಸ. ಮಂದಿಯೆಲ್ಲಾ ಕೂಡತಾರ. ಶಾರದಾನ ಮನ್ಯಾಗ ಹಿಡಿ ಹಿಂಡಿಗೂ ಗತಿಯಿಲ್ಲ ಅಂತ ಮಾತಾಡೂ ಮುಂದ ನಾ ಅಲ್ಲಿ ಹ್ಯಾಂಗ ಕೂಡಲಿ? ಇದು ಆ ಮುದಕಪ್ಪಂದಽ ಕೆಲಸ. ಎಲ್ಲಾರ ಮುಂದ ನಿಲ್ಲಿಸಿ ಕೇಳ್ತೇನಿ."

"ಸಾಗಣಿಯೊಳಗ ಒಂದೀಟು ನಷ್ಟ ಇದ್ದಽ ಇರ್ತೈತಿ" ಎಂದೆ. ಆ ಮಾತಿಗೆ ಅವಳು ಕೊಟ್ಟ ನೋಟವನ್ನು ಯಾವ ಅಧ್ಯಾಯದಲ್ಲೂ ವಿವರಿಸಿಲ್ಲ. ತಪ್ಪೊಪ್ಪಿಕೊಳ್ಳಲು ಅದು ಒಳ್ಳೆಯ ಸಮಯವಾಗಿತ್ತು. ಆದ್ದರಿಂದ ನಾನು ಪೇಪರ್ ಓದಿದೆ.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದರೆ ನನ್ನ ಮಂಚ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಒಂದು ಟೆಂಪೋ, ಹಗ್ಗ ಹಿಡಿದ ಇಬ್ಬರು ಗಟ್ಟಿ ಆಳುಗಳು, ನಡುವೆ ಬಾದಾಮಿಯ ಮಾವ. "ಕಪಾಟು ಅಡ್ಡ ಹಿಡೀರಲೇ, ಕನ್ನಡಿ ಒಡದೀತು!"

"ಮಾಮಾ, ಏನಿದು?"

"ನಾಚ್ಕೋಬ್ಯಾಡ. ಹಿತ್ತಲ ಖೋಲಿ ಸಾರಿಸಿ ಇಟ್ಟೇನಿ. ಎಷ್ಟು ದಿನಾರ ಇರ್ರಿ. ನೌಕರಿ ಹೋದ್ರ ಹೋಗ್ಲಿ, ಮಾಮಾ ಇನ್ನೂ ಅದಾನ."

ನೌಕರಿ ಇದೆ ಎಂದು ಅವನಿಗೆ ಒಪ್ಪಿಸಲು ಐಡೆಂಟಿಟಿ ಕಾರ್ಡ್ ತೋರಿಸಬೇಕಾಯಿತು. ಅದರಲ್ಲಿನ ಫೋಟೋ ನೋಡಿ "ಆಗ ಮೈ ಕೈ ತುಂಬಿಕೊಂಡಿದ್ದಿ" ಎಂದು ಮತ್ತೆ ಮರುಗಿದ. ಮಂಚ ಇಳಿಯಿತು, ಅದರ ಜಾಗಕ್ಕೆ ಡಬ್ಬಿಗಳು ಏರಿದವು. ಬಂದ ಗಾಡಿ ಬರಿದೇ ಹೋಗಬಾರದಲ್ಲ. ಅಮೀನಗಡದಲ್ಲಿ ನಿಲ್ಲಿಸಿ ಒಂದೊಂದರಲ್ಲೂ ಕರದಂಟು ತುಂಬಿಸಿದೆವು. ಅಂಗಡಿಯವನು "ಎಷ್ಟು ಮದಿವ್ರೀ?" ಎಂದು ಕೇಳಿದ.

ಹುನಗುಂದದಲ್ಲಿ ಬಸುರಿ ಸೊಸೆಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮುಗಿದಿತ್ತು. ಊಟಕ್ಕೆ ಎಲೆ ಬಿದ್ದಿದ್ದವು. ಮುದಕಪ್ಪ ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ. ಶಾರದಾ ಎದ್ದುನಿಂತು ಕರೆದಳು: "ಮುದಕಪ್ಪ, ಇಲ್ಲಿ ಬಾ. ಆ ಡಬ್ಬ್ಯಾಗ ಏನಿತ್ತು, ಎಲ್ಲಾರಿಗೂ ಕೇಳೂ ಹಂಗ ಹೇಳು."

ಸಾಲು ಸಾಲೇ ಕೈ ತಡೆದು ನೋಡಿತು. ಮುದಕಪ್ಪ ಬಕೆಟ್ ಹಿಡಿದೇ ಮುಂದೆ ಬಂದ. "ಅಕ್ಕಾರ, ಬಸವಣ್ಣನ ಆಣಿ, ನಾ ಮುಚ್ಚಳ ಮುಟ್ಟಿಲ್ರಿ. ಸರ ಅದರಾಗ ಲಾಜಿಸ್ಟಿಕ್ಸ್ ಅನ್ನೂದು ಹಾಕ್ಯಾರಂತ. ಹಗರ ಇರತೈತಂತ ಅದು. ಚೆಲ್ಲಬಾರದು ಅಂತ ಬಸ್ಸಿನ್ಯಾಗ ನಿಂತಽ ಬಂದೇನ್ರಿ."

ಗಂಗಕ್ಕ ನನ್ನ ಕಡೆ ನೋಡಿದಳು. "ಅದೇನ್ ತಿನ್ನೂದೇನು?"

ಒಂದು ಕಡೆ ಶಾರದಾ, ಇನ್ನೊಂದು ಕಡೆ ನಿಂತೇ ಬಂದ ಮುದಕಪ್ಪ. ನಾನು ಎದ್ದೆ. ಗಂಟಲು ಸರಿಮಾಡಿಕೊಂಡೆ. "ಸರಬರಾಜು ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಹರಿವುಗಳನ್ನು ಗುರುತಿಸಬಹುದು..."

"ತಮ್ಮಾ, ಕನ್ನಡದಾಗ ಹೇಳು."

"ನಾನಽ ತಿಂದೆ."

ಮುದಕಪ್ಪ ಸಾರಿನ ಬಕೆಟ್ ಕೆಳಗಿಟ್ಟ. ಚಿಗವ್ವ ಮೆಲ್ಲಗೆ ಕೇಳಿದಳು, "ಎಷ್ಟು?"

"ಎಲ್ಲಾ."

"ಒಂದಽ ಸಲಕ್ಕ?"

"ಎರಡು ಪಿರಿಯಡ್ ಆತು."

ನಾನು ನಿರೀಕ್ಷಿಸಿದ ಬೈಗುಳ ಬರಲಿಲ್ಲ. ನನ್ನ ಬಗ್ಗೆ ಯಾರಿಗೂ ಆಶ್ಚರ್ಯವೇ ಆಗಲಿಲ್ಲ ಎಂಬುದು ನನಗೆ ಸ್ವಲ್ಪ ನೋವು ಕೊಟ್ಟಿತು. ಚಿಗವ್ವ ಶಾರದಾಳ ಕೈ ಹಿಡಿದುಕೊಂಡು, "ಒಂದ ಡಬ್ಬಿ ಹಿಂಡಿ ಕುಂತಲ್ಲೇ ಮುಗಿಸಬೇಕಂದ್ರ ಅದೆಂಥಾ ಹಿಂಡಿ ಇರಬೇಕವ್ವಾ! ಇಳಕಲ್ಲಿಗೂ ಒಂದೀಟು ಕಳಿಸು" ಎಂದಳು. "ಬಾದಾಮಿಗೆ ಎರಡು ಡಬ್ಬಿ" ಎಂದ ಮಾವ. ಅಷ್ಟು ದೂರ ಟೆಂಪೋ ತಂದವನಿಗೆ ಏನಾದರೂ ಬೇಕಿತ್ತು. ಶಾರದಾ ತಲೆಯೆತ್ತಿ ನಿಂತು, ಮುದಕಪ್ಪನನ್ನು ಊಟಕ್ಕೆ ಕೂಡಿಸಿ ಅವನ ಎಲೆಗೆ ತಾನೇ ಹೋಳಿಗೆ ಬಡಿಸಿದಳು. ನನ್ನ ಎಲೆಗೆ ಏನೂ ಬರಲಿಲ್ಲ.

ಈಗ ವಾರಕ್ಕೆ ಮೂರು ಊರಿಗೆ ಹಿಂಡಿ ಹೋಗುತ್ತದೆ. ಹುನಗುಂದದ ಡಬ್ಬಿ ಶಾರದಾಳ ಕೈಯಿಂದ ನೇರವಾಗಿ ಮುದಕಪ್ಪನ ಕೈಗೆ. ನಾನು ದಾರಿಯಲ್ಲಿ ಬರುವುದಿಲ್ಲ. ನನ್ನನ್ನು ಉತ್ಪಾದನಾ ವಿಭಾಗಕ್ಕೆ ವರ್ಗ ಮಾಡಲಾಗಿದೆ. ಸಂಜೆ ಮೊರದ ಮುಂದೆ ಕುಳಿತು ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತೇನೆ. ಕರಾರು ಒಂದೇ: ಉಜ್ಜುವಷ್ಟು ಹೊತ್ತೂ ನಾಳೆಯ ಪಾಠವನ್ನು ಗಟ್ಟಿಯಾಗಿ ಹೇಳುತ್ತಿರಬೇಕು. ಪಾಠದ ಮೇಲೆ ಶಾರದಾಳಿಗೆ ಆಸಕ್ತಿ ಹುಟ್ಟಿದೆಯೆಂದು ಮೊದಲ ದಿನ ನಾನು ಹಿಗ್ಗಿದ್ದೆ. ಮಧ್ಯದಲ್ಲಿ ಅರೆಗಳಿಗೆ ಮಾತು ನಿಂತರೆ ಸಾಕು, ಅಡುಗೆಮನೆಯಿಂದ ದನಿ ಬರುತ್ತದೆ: "ಏನ್ರೀ, ಬಾಯಾಗ ಏನೈತಿ?"

ನಾನು ಅವಸರವಾಗಿ ನುಂಗಿ ಮುಂದಿನ ಅಧ್ಯಾಯ ಶುರುಮಾಡುತ್ತೇನೆ.