ಟಿಲ್‌ಬರೋದ ಪ್ರಥಮ ವಿದ್ಯಾರ್ಥಿನಿ

ಟಿಲ್‌ಬರೋ ವಿಶ್ವವಿದ್ಯಾಲಯವು ೧೭೪೮ರಲ್ಲಿ ಸ್ಥಾಪನೆಯಾಗಿದ್ದು, ಕಳೆದ ಮಾರ್ಚ್ ತಿಂಗಳ ಸಭೆಯ ತರುವಾಯ ೧೭೪೧ರಲ್ಲಿ ಸ್ಥಾಪನೆಯಾಯಿತು. ನದಿಯಾಚೆಯ ಕಾಲೇಜು ತಾನು ೧೭೪೨ರದೆಂದು ಹೆಬ್ಬಾಗಿಲಲ್ಲಿ ಕಲ್ಲು ನೆಡಿಸಿದ್ದರಿಂದ ಈ ಕ್ರಮ ಅನಿವಾರ್ಯವಾಗಿತ್ತು.

ಆಧಾರ ಹುಡುಕುವ ಹೊಣೆ ಇತಿಹಾಸ ವಿಭಾಗದ ವಿನಿಫ್ರೆಡ್ ಲ್ಯಾತ್ರಪ್ ಅವರ ತಲೆಗೆ ಬಿತ್ತು. ಅವರ ನೌಕರಿ ಕಾಯಂ ಆಗಬೇಕಿದ್ದ ವರ್ಷವೂ ಅದೇ. ಹಳೆಯ ಸಭಾಂಗಣದ ಬುಡ ಅಗೆಸಿ ನೋಡಿ, ಮಣ್ಣು ಮೆತ್ತಿದ ಬೂಟಿನಲ್ಲೇ ಅವರು ಕುಲಪತಿ ಚಾನ್ಸಿ ಪೆಲ್ ಅವರ ಕೋಣೆಗೆ ಹೋದರು.

"೧೭೪೧ರಲ್ಲಿ ಇಲ್ಲಿದ್ದದ್ದು ಒಂದು ಕೊಟ್ಟಿಗೆ, ಸಾರ್. ಅದರಲ್ಲೊಂದು ಹಸು. ಅಷ್ಟೇ."

"ಕಟ್ಟಡ ಇತ್ತು, ಒಳಗೊಬ್ಬರು ಇದ್ರು. ಇನ್ನೇನು ಬೇಕು ನಿಮಗೆ?"

"ಹಸು ಪಾಠ ಕೇಳಿರಲ್ಲ, ಸಾರ್."

"ನಮ್ಮ ಧರ್ಮದರ್ಶಿಗಳ ಮಕ್ಕಳೂ ಕೇಳಲ್ಲ. ಪದವಿ ಕೊಡ್ತಿಲ್ವಾ?"

"ಪಾಠ ಮಾಡೋರೂ ಇರಲಿಲ್ಲ."

"ಹಾಗಾದ್ರೆ ಮೊದಲಿಂದಲೂ ನಾವು ಸಂಶೋಧನೆಗೇ ಒತ್ತು ಕೊಟ್ಟಿದ್ದೀವಿ," ಎಂದರು ಪೆಲ್. "ಅಂದ ಹಾಗೆ, ನಿಮ್ಮ ಕಾಯಂ ವಿಷಯ ಗುರುವಾರದ ಸಭೇಲಿ ಬರುತ್ತೆ, ಅಲ್ವಾ?"

ಸತ್ಯ ಹೇಳಿ ಊರು ಬಿಟ್ಟವರನ್ನು ವಿನಿಫ್ರೆಡ್ ಬಲ್ಲರು. ಅವರಲ್ಲಿ ಒಬ್ಬರು ಈಗ ಮೇನ್ ರಾಜ್ಯದಲ್ಲಿ ಏಡಿ ಮಾರುತ್ತಿದ್ದರು. ಗುರುವಾರ ಬೆಳಿಗ್ಗೆ ಹಸುವನ್ನು ಪ್ರಥಮ ವಿದ್ಯಾರ್ಥಿನಿಯೆಂದು ಬರೆದುಕೊಟ್ಟರು; ಸಂಜೆ ನೌಕರಿ ಕಾಯಂ ಆಯಿತು.

ಬೆನ್ನಿಗೇ ಪ್ರಕಟಣೆ ಹೊರಟಿತು: "ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಂಸ್ಥೆಯ ಪ್ರಥಮ ವಿದ್ಯಾರ್ಥಿನಿಯನ್ನು ‘ದನ’ ಎಂದು ಕರೆಯುವುದು ಶಿಸ್ತುಕ್ರಮಕ್ಕೆ ಒಳಪಡುತ್ತದೆ." ಐವತ್ತು ವರ್ಷದ ಹಿಂದಷ್ಟೇ ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟಿದ್ದ ಟಿಲ್‌ಬರೋ, ಸ್ತ್ರೀಶಿಕ್ಷಣದಲ್ಲಿ ಇಡೀ ದೇಶಕ್ಕೇ ಮೊದಲನೆಯದಾಯಿತು.

ಶರತ್ಕಾಲದಲ್ಲಿ ಎಜ್ರಾ ಕ್ವಿಂಬಿ ಎಂಬ ಹೈನುಗಾರ ಒಂದು ಕಡಸನ್ನು ಹಿಡಿದುಕೊಂಡು ಪ್ರವೇಶ ಕಚೇರಿಗೆ ಬಂದ.

"ಇವಳು ಆ ಹಸುವಿನ ಕುಡಿ. ಹಳೇ ವಿದ್ಯಾರ್ಥಿಗಳ ವಂಶದೋರಿಗೆ ಮೊದಲು ಸೀಟು ಅಂತೀರಲ್ಲ?"

"ಪ್ರವೇಶಕ್ಕೆ ಪ್ರಬಂಧ ಬರೀಬೇಕಲ್ಲಪ್ಪ," ಎಂದ ಅಧಿಕಾರಿ.

"ಉಳಿದ ಮಕ್ಕಳದ್ದೆಲ್ಲ ಯಾರು ಬರ್ದಿದ್ದು, ಸ್ವಾಮಿ?"

ಅಧಿಕಾರಿ ಅರ್ಜಿಯಲ್ಲಿ ಪ್ರಬಂಧದ ಮುಂದೆ ಸರಿ ಗುರುತು ಹಾಕಿದ. ವಂಶ ಹೌದೋ ಅಲ್ಲವೋ ಎಂದು ವಿನಿಫ್ರೆಡ್ ಅವರನ್ನು ವಿಚಾರಿಸಿದಾಗ, ಅವರು ಕಡಸಿನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, "ಮನೆತನದ ಕಳೆ ಇದೆ," ಎಂದರು.

ಕಡಸು ಅವರ ತರಗತಿಯಲ್ಲೇ ಕುಳಿತಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ತಿಂದು ಹಾಕಿತು. ವಿಷಯವನ್ನು ಸಂಪೂರ್ಣವಾಗಿ ಅರಗಿಸಿಕೊಂಡಿದ್ದಾಳೆಂದು ವಿನಿಫ್ರೆಡ್ ಅವಳಿಗೆ ಮೊದಲ ದರ್ಜೆ ಕೊಟ್ಟರು.

ಮರುದಿನ ಪೋಷಕರು ಸಾಲುಗಟ್ಟಿ ಬಂದರು. ಜಗಳಕ್ಕೆ ಬಂದಿದ್ದಾರೆಂದು ವಿನಿಫ್ರೆಡ್ ಬಾಗಿಲು ಅರ್ಧವೇ ತೆರೆದರು.

"ಮೇಡಂ," ಎಂದರು ಮುಂದೆ ನಿಂತಿದ್ದ ಬಾಸ್ಟನ್ನಿನ ವಕೀಲರು, ದನಿ ತಗ್ಗಿಸಿ, "ನಮ್ಮ ಮಗನ್ನ ಅವಳ ಪಕ್ಕ ಕೂರಿಸಿ. ದೊಡ್ಡ ಮನೆತನ. ಮುಂದೆ ಪರಿಚಯ ಉಪಯೋಗಕ್ಕೆ ಬರುತ್ತೆ."