ಹೇಳಿದ್ದು ಒಂದು ಕಿಟಕಿಗೆ, ಕೇಳಿದ್ದು ಇನ್ನೊಂದು

ನಮ್ಮ ಕ್ಲಾಸಿನಲ್ಲಿ ಒಂದು ವಾರ ಏನೂ ಎಡವಟ್ಟಾಗದೆ ಕಳೆಯಿತು ಅಂದರೆ, ಆ ವಾರ ಕ್ಲಾಸಿಗೆ ರಜೆ ಇತ್ತು ಅಂತಲೇ ಅರ್ಥ.

ಸೊಲ್ಲಾಪುರದಲ್ಲಿ ಬಟ್ಟೆ ಪೇಟೆಯ ಹಿಂದಿನ ಗಲ್ಲಿಯ ಒಂದು ಎರಡನೇ ಮಹಡಿಯಲ್ಲಿ ನಾನು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತೇನೆ. ವಾರಕ್ಕೆ ನಾಲ್ಕು ದಿನ ಇಲ್ಲಿ, ಎರಡು ದಿನ ಅಕ್ಕಲಕೋಟೆಯ ಶಾಖೆಯಲ್ಲಿ. ಮನೆ ಅಕ್ಕಲಕೋಟೆಯಲ್ಲಿದೆ. ಹದಿನಾಲ್ಕು ವರ್ಷದಿಂದ ಇದೇ ಬಸ್ಸು, ಇದೇ ಮೆಟ್ಟಿಲು, ಇದೇ ಪಾಠ.

ಪಾಠ ದೊಡ್ಡದೇನಲ್ಲ. ಪರದೆಯ ಮೇಲ್ಭಾಗದಲ್ಲಿ ಎಡಿಟರ್, ಅಂದರೆ ಬರೆಯುವ ಜಾಗ. ಅದರೊಳಗಿಂದಲೇ ಕೆಳಗೆ ಇನ್ನೊಂದು ಕರಿ ಕಿಟಕಿ ತೆರೆಯಬಹುದು. ಅದು ಟರ್ಮಿನಲ್, ಕಂಪ್ಯೂಟರಿಗೆ ಹುಕುಂ ಕೊಡುವ ಜಾಗ. ನಮ್ಮ ಕಣ್ಣಿಗೆ ಎರಡೂ ಕಾಣುತ್ತವೆ. ಆದರೆ ಕರ್ಸರ್ ಯಾವುದರಲ್ಲಿ ಮಿಣುಕುತ್ತದೋ ಅದಕ್ಕೆ ಮಾತ್ರ ಆ ಹೊತ್ತಿಗೆ ಕಿವಿ. "ಕರ್ಸರ್ ಎಲ್ಲದ ನೋಡ್ರಿ" ಅನ್ನುವುದರಲ್ಲೇ ನನ್ನ ಅರ್ಧ ಆಯುಷ್ಯ ಮುಗಿದಿದೆ.

ಗುರೂಜಿಯ ಕಿರುಬೆರಳು

ಮಂದ್ರೂಪದಿಂದ ಒಬ್ಬ ನಿವೃತ್ತ ಗುರೂಜಿ ಬರುತ್ತಿದ್ದರು. "ಇಷ್ಟ ವರ್ಷ ಮಂದಿ ಮಕ್ಕಳಿಗೆ ಕಲಿಸೀನಿ. ಅವು ಕೇಳಲಿಲ್ಲ. ಯಂತ್ರರೆ ಕೇಳ್ತದೇನ ನೋಡ್ತೀನಿ" ಅಂತ ಹೆಸರು ಹಚ್ಚಿದವರು.

ಮೊದಲ ದಿನ ನಾನು ಹೇಳಿದೆ: "ಎಡಗೈಲೆ ಕಂಟ್ರೋಲ್ ಹಿಡ್ಕೊಂಡು, ಎಸ್ಕೇಪ್ ಕೆಳಗಿನ ಬಟನ್ ಒತ್ರಿ. ಕರಿ ಕಿಟಕಿ ತೆರೀತದ."

ತೆರೆಯಿತು. ಗುರೂಜಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆಮೇಲೆ ಶುರುವಾಯಿತು ಗೋಳು. ಒಂದು ಅಕ್ಷರ ಒತ್ತಿದರೆ ಫೈಲೇ ಮುಚ್ಚಿಹೋಯಿತು. ಇನ್ನೊಂದು ಒತ್ತಿದರೆ ಹೊಸ ಫೈಲು ಹುಟ್ಟಿತು. ಮತ್ತೊಂದಕ್ಕೆ ಬರೆದದ್ದೆಲ್ಲ ನೀಲಿಯಾಗಿ ನಿಂತಿತು. ನಾನು ಯಂತ್ರ ಆರಿಸಿ ಮತ್ತೆ ಹಚ್ಚಿದೆ, ಅವರನ್ನು ಪಕ್ಕದ ಯಂತ್ರಕ್ಕೆ ಕೂಡಿಸಿದೆ. ಅಲ್ಲೂ ಕಿಟಕಿ ತೆರೆದ ಮೇಲೆ ಅದೇ ಕತೆ. ಮುಕ್ಕಾಲು ತಾಸು ಹೋಯಿತು. ಉಳಿದ ಹನ್ನೊಂದು ಜನ ಸುಮ್ಮನೆ ಕೂತು ನಮ್ಮನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಚಹಾ ಬಂತು. ಗುರೂಜಿ ಕಪ್ಪಿನ ಕಡೆ ನೋಡಿದರು, ತಮ್ಮ ಎಡಗೈ ಕಡೆ ನೋಡಿದರು, ಆಮೇಲೆ ಸಂಕೋಚದಿಂದ ನನ್ನ ಕಡೆ ನೋಡಿದರು.

"ಬಾಯಿ, ಈ ಕಂಟ್ರೋಲ್ ಬಟನ್ ಜರಾ ನೀವ ಹಿಡ್ಕೋರಿ. ಬಿಟ್ರ ಕಿಟಕಿ ಮುಚ್ಚತದಂತ ಮುಂಜಾನಿಂದ ಹಿಡದೀನಿ. ಕಿರಬಳ್ಳ ಜೋಮ ಹಿಡದದ."

ಮುಸುರಿ

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಮರಾಠಿ ರೂಢಿಯಂತೆ ಕಲಿಸುವ ಹೆಣ್ಣುಮಗಳಿಗೂ ಬಾಯಿ ಅನ್ನುತ್ತಾರೆ, ಮನೆಗೆ ಬಂದು ಭಾಂಡೆ ತಿಕ್ಕುವವಳಿಗೂ ಬಾಯಿ ಅನ್ನುತ್ತಾರೆ. ಇಬ್ಬರಿಗೂ ಸಿಗುವ ಗೌರವ ಹೆಚ್ಚು ಕಡಿಮೆ ಅಷ್ಟೇ.

ಪೇಟೆಯ ಸೀರೆ ವ್ಯಾಪಾರಿ ಮನೆತನದ ಸೊಸೆಯೊಬ್ಬಳು ತಮ್ಮ ದುಕಾನಿನ ವೆಬ್‌ಸೈಟು ತಾನೇ ಮಾಡುತ್ತೇನೆಂದು ಸೇರಿದ್ದಳು. ಚುರುಕಾದ ಹೆಂಗಸು. ಒಂದು ದಿನ ಅವಳ ಪುಟ ಏನು ಮಾಡಿದರೂ ಬದಲಾಗಲಿಲ್ಲ. ಸೀರೆಯ ಬಣ್ಣ ಹಸಿರು ಮಾಡಿದರೂ ಪರದೆಯ ಮೇಲೆ ಕೆಂಪೇ ಕಾಣುತ್ತಿತ್ತು.

ನೋಡಿದರೆ ಅವಳ ಎಡಿಟರಿನೊಳಗೆ ನಲವತ್ತಮೂರು ಟರ್ಮಿನಲ್ ತೆರೆದಿದ್ದವು. ಅದರಲ್ಲಿ ಯಾವುದೋ ಒಂದರಲ್ಲಿ ಹಳೆಯ ಪ್ರೋಗ್ರಾಮು ಇನ್ನೂ ಓಡುತ್ತ ಕೂತಿತ್ತು. ಯಾವುದರಲ್ಲಿ ಅಂತ ಅದಕ್ಕೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ.

"ಇಷ್ಟ್ಯಾಕ ತಗದೀರಿ?"

"ಪ್ರತಿ ಹುಕುಮಿಗೆ ಹೊಸಾದು ತಗೀತೀನ್ರಿ."

"ಇದ್ದದ್ದರಾಗ ಬರೀಬೇಕಲ್ಲ?"

ಅವಳು ಮುಖ ಸಿಂಡರಿಸಿದಳು. "ಒಮ್ಮೆ ಬಳಸಿದ್ದು ಮುಸುರಿ ಆಗಂಗಿಲ್ಲೇನ್ರಿ? ಅದರಾಗ ಹಳೇದೆಲ್ಲಾ ಹತ್ತಿರ್ತದ. ಮತ್ತ ಅದರಾಗ ಹ್ಯಾಂಗ ಬರೀಲಿ?"

ಒಂದೊಂದೇ ಕಿಟಕಿ ತೆರೆದು, ಒಳಗೆ ಹಣಿಕಿ ಹಾಕಿ, ಮುಚ್ಚುತ್ತ ಬಂದೆವು. ಮೂವತ್ತೊಂದನೆಯದರಲ್ಲಿ ಕಳ್ಳ ಸಿಕ್ಕ. ಬೆನ್ನು ನೋಯುತ್ತಿತ್ತು. ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ: "ಇನ್ನ ಮ್ಯಾಲೆ ಕೆಲಸ ಮುಗದ ಕೂಡ್ಲೆ ನಿಮ್ಮ ಮುಸುರಿ ನೀವ ತಗೀಬೇಕು."

ಅವಳು ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಅಂದಳು: "ಮನ್ಯಾಗ ನನಗ ರೂಢಿ ಇಲ್ರಿ. ಅದಕ್ಕ ಬಾಯಿ ಇದ್ದಾರ."

ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು.

ಮಾಲಕರು

ನಮ್ಮ ಕ್ಲಾಸಿನ ಮಾಲಕರು ಕಂಪ್ಯೂಟರ್ ಮುಟ್ಟುವವರಲ್ಲ. ಬಾಗಿಲಿನಿಂದ ಇಣುಕಿ ಹೋಗುವುದಷ್ಟೇ ಅವರ ತಪಾಸಣೆ. ಒಂದು ಮಧ್ಯಾಹ್ನ ಹನ್ನೆರಡು ಜನರೂ ಟರ್ಮಿನಲ್ಲನ್ನು ದೊಡ್ಡದು ಮಾಡಿಕೊಂಡು ಕೂತಿದ್ದರು. ಹನ್ನೆರಡು ಪರದೆಗಳೂ ಕರ್ರಗೆ.

ಮಾಲಕರು ಇಣುಕಿದರು, ಗಾಬರಿಯಾದರು, ಓಡಿಹೋಗಿ ಜನರೇಟರ್ ಹಚ್ಚಿದರು. ಮತ್ತೆ ಬಂದು ನೋಡಿದರು. ಇನ್ನೂ ಕರ್ರಗೇ. ವೈರ್‌ಮನ್‌ನನ್ನು ಕರೆಸಿದರು. ಅವನು ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿ "ಕರೆಂಟ್ ಅದ ಅಲ್ರಿ ಸಾಹೇಬ್ರ" ಅಂದ. ಮಾಲಕರು ನನ್ನನ್ನು ಹೊರಗೆ ಕರೆದು ತಗ್ಗು ದನಿಯಲ್ಲಿ ಕೇಳಿದರು:

"ಹಂಗಾದ್ರ ಎಲ್ಲಾರೂ ಬಂದ್ ಯಂತ್ರದ ಮುಂದ ಕೂತು ಏನ ಟೈಪ್ ಮಾಡಾಕತ್ತಾರ? ಫೀ ಕೊಟ್ಟ ಮಂದಿ, ಅವರಿಗೆ ಹೇಳಬಾರ್ದೇನ್ರಿ?"

ಚಂದ್ರಿ

ಅಕ್ಕಲಕೋಟೆಯ ಶಾಖೆಗೆ ಚಪಳಗಾಂವದಿಂದ ಗಂಡ ಹೆಂಡತಿ ಒಂದೇ ಗಾಡಿಯ ಮೇಲೆ ಬರುತ್ತಿದ್ದರು. ಹೊಲ, ದನ ಎಲ್ಲ ಇದ್ದ ಮನೆತನ. ಒಬ್ಬರು ಕಲಿತರೆ ಇನ್ನೊಬ್ಬರು ಸುಮ್ಮನಿರುವುದಿಲ್ಲ ಅಂತ ಇಬ್ಬರೂ ಸೇರಿದ್ದರು.

ಅವತ್ತು ಗಂಡ ತನ್ನ ಸ್ವಂತ ಲ್ಯಾಪ್‌ಟಾಪ್ ತಂದಿದ್ದ. ಅವನ ಕೆಲಸ ಎಲ್ಲರಿಗೂ ಕಾಣಲಿ ಎಂದು ಅದನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿದ್ದೆ. ಒಂದು ಹುಕುಂ ಕೊಟ್ಟಾಗ ಟರ್ಮಿನಲ್ ಪಾಸ್‌ವರ್ಡ್ ಕೇಳಿತು. ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಒತ್ತುವಾಗ ಏನೂ ಕಾಣುವುದಿಲ್ಲ, ಚುಕ್ಕೆ ಕೂಡ ಬೀಳುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅವನು ಒತ್ತಿದ. ಏನೂ ಕಾಣಲಿಲ್ಲ. ಜೋರಾಗಿ ಒತ್ತಿದ. ಆಗಲೂ ಕಾಣಲಿಲ್ಲ. "ಬಾಯಿ ಹೇಳ್ತಾರಲ್ಲ, ಕರ್ಸರ್ ಬ್ಯಾರೆ ಕಡಿ ಇರ್ಬೇಕು" ಎಂದು ತಾನೇ ತೀರ್ಮಾನಿಸಿ, ಮೇಲಿನ ಎಡಿಟರಿನಲ್ಲಿ ಕ್ಲಿಕ್ ಮಾಡಿ ಒತ್ತಿದ. ಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಮೂಡಿತು: ಚಂದ್ರಿ.

ಹೆಂಡತಿಯ ಹೆಸರು ಚಂದ್ರಿಯಲ್ಲ ಅಂತ ಎಲ್ಲರಿಗೂ ಗೊತ್ತು.

"ಇದೇನಿದು?" ಎಂದಳು ಹೆಂಡತಿ.

"ಅಯ್ಯ, ನಮ್ಮ ಎಮ್ಮಿಲೇ!"

"ಎಮ್ಮಿ ಅಂತ ನನಗೂ ಗೊತ್ತದ. ಪಾಸ್‌ವರ್ಡಿಗೆ ನನ್ನ ಹೆಸರ ಯಾಕ ಇಟ್ಟಿಲ್ಲ?"

"ಮಂದಿಗೆ ಗೊತ್ತಿರೂ ಹೆಸರ ಇಡಬಾರ್ದಂತ ಬಾಯಿ ಹೇಳ್ಯಾರ. ನಿನ್ನ ಹೆಸರ ಊರಿಗೆಲ್ಲಾ ಗೊತ್ತು."

"ಹೌದಾ? ನೀ ಮುಂಜಾನೆದ್ದು ಊರಿಗೆಲ್ಲಾ ಕೇಳೂಹಂಗ ಕೂಗೂದು ನನ್ನ ಹೆಸರೋ, ಚಂದ್ರಿ ಹೆಸರೋ?"

ಅವನು ನನ್ನ ಕಡೆ ತಿರುಗಿ ಕೈ ಮುಗಿದ. "ಬಾಯಿ, ಇದನ್ನ ಅಳಸೂ ಹುಕುಂ ಹೇಳಿಕೊಡ್ರಿ. ಗ್ವಾಡಿ ಮ್ಯಾಲಿಂದು ಅಲ್ರಿ, ಇಕಿ ತಲ್ಯಾಗಿಂದು."

ಒಪ್ಪಿಗಿ

ಮಂದಿಯ ಕರ್ಸರ್ ಕಾಯುವವಳು ನಾನು. ನನ್ನದನ್ನು ಯಾರು ಕಾಯಬೇಕು?

ನನ್ನ ನಾದಿನಿ ಅಕ್ಕಲಕೋಟೆಯ ಔಷಧದ ದುಕಾನಿನಲ್ಲಿ ಕೆಲಸ ಮಾಡುತ್ತಾಳೆ. ಸೊಲ್ಲಾಪುರದ ಒಂದು ಚಾದರ ವ್ಯಾಪಾರಿ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಹುಡುಗ ಬಂದು ನೋಡಿ ಹೋಗಿದ್ದ. ಅವರಿಗೆ ಒಪ್ಪಿಗೆ. ನಾದಿನಿ ಮಾತ್ರ ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು: "ವೈನಿ, ಲಗ್ನ ಆದಮ್ಯಾಲೆ ದುಕಾನಕ್ಕ ಹೋಗಾಕ ಬಿಡ್ತಾರೋ ಇಲ್ಲೋ, ಅದನ್ನ ಕೇಳಿದ ಹೊರತು ನಾ ಹೂಂ ಅನ್ನಂಗಿಲ್ಲ." ಮಾತುಕತೆಗೆ ಎರಡೂ ಮನೆಯವರದು ಕೂಡಿ ಮೊಬೈಲಿನಲ್ಲಿ ಒಂದು ಗ್ರೂಪ್ ಆಗಿತ್ತು. "ಅದರಾಗ ಯಾರೂ ಪಿಟಕ್ ಅನ್ನಬ್ಯಾಡ್ರಿ" ಎಂದು ಅತ್ತೆಯವರು ಎಲ್ಲರಿಗೂ ತಾಕೀತು ಮಾಡಿದ್ದರು.

ಆ ದಿನ ಸೊಲ್ಲಾಪುರದಲ್ಲಿ ಪಾಠ ನಡೆದಿತ್ತು. ನನ್ನ ಲ್ಯಾಪ್‌ಟಾಪಿನಿಂದ ಅಲ್ಲಿಯ ಗೋಡೆಯ ಪರದೆಗೆ ಟರ್ಮಿನಲ್ ಮಾತ್ರ ಹೋಗುತ್ತಿತ್ತು; ಲ್ಯಾಪ್‌ಟಾಪಿನ ಮೂಲೆಯಲ್ಲಿ ಆ ಗ್ರೂಪೂ ತೆರೆದಿತ್ತು. ಹುಡುಗನ ತಂದೆಯ ಸಂದೇಶ ಬಂತು, ಮರಾಠಿಯಲ್ಲಿ: "ಮಗ, ತುಮಚ್ಯಾ ಕಡೂನ್ ಕಾಯ್?" ಹಾಗಾದರೆ ನಿಮ್ಮ ಕಡೆಯಿಂದ ಏನು, ಅಂತ. ಪೂರ್ತಿ ಓದಲು ಅದರ ಮೇಲೆ ಕ್ಲಿಕ್ ಮಾಡಿದೆ, ಓದಿದೆ, ಪಾಠಕ್ಕೆ ಮರಳಿದೆ.

ಟರ್ಮಿನಲ್ ತುಂಬಿತ್ತು. ಅದನ್ನು ಒರೆಸಿ ಖಾಲಿ ಮಾಡುವ ಹುಕುಂ ಕ್ಲಿಯರ್. ಗೋಡೆಯ ಪರದೆ ನೋಡುತ್ತ ಅದನ್ನು ಒತ್ತಿದೆ. ಗೋಡೆಯ ಮೇಲೆ ಏನೂ ಆಗಲಿಲ್ಲ. ಹಳೆಯ ಯಂತ್ರ, ತಡವಾಗುತ್ತಿದೆ ಅಂದುಕೊಂಡು ಮತ್ತೆ ಒತ್ತಿದೆ. ಮೂರನೇ ಸಲ ಸಿಟ್ಟಿನಿಂದ ಒತ್ತಿದೆ. ಆಮೇಲೆ ಸಾಕಾಗಿ, ಟರ್ಮಿನಲ್ ಮುಚ್ಚುವ ಹುಕುಂ ಎಕ್ಸಿಟ್ ಅಂತ ಒತ್ತಿ, ಲ್ಯಾಪ್‌ಟಾಪ್ ಮಡಚಿ ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ನಿದ್ದೆಯೂ ಬಂತು.

ಮನೆಗೆ ಬಂದರೆ ಬಾಗಿಲ ಮುಂದೆ ಕಾರು ನಿಂತಿತ್ತು. ಪಡಸಾಲೆಯಲ್ಲಿ ಹುಡುಗ, ಅವನ ತಂದೆ, ತಾಯಿ, ತೆಂಗಿನಕಾಯಿ, ಪೇಢೆಯ ದೊಡ್ಡ ಪೆಟ್ಟಿಗೆ. ಅತ್ತೆಯವರು ಕಂಬದ ಹಾಗೆ ನಿಂತಿದ್ದರು.

ಹುಡುಗನ ತಂದೆ ಎದ್ದು ನಿಂತರು. "ಬರ್ರಿ ತಾಯಿ, ನಿಮ್ಮಿಂದನ ಸುದ್ದಿ ತಿಳೀತು. ಒಮ್ಮೆ ಅಲ್ಲ, ಮೂರ ಸಲ ಕ್ಲಿಯರ್ ಅಂದ್ರಿ. ಆಮ್ಯಾಲೆ ಎಕ್ಸಿಟ್ ಅಂದ್ರಿ. ಅಂದ್ರ ಬ್ಯಾರೆ ವರ ನೋಡೂದು ಇನ್ನ ಬಂದ್ ಅಂತ ನಾವು ತಿಳಕೊಂಡ್ವಿ."

ನನ್ನ ಹುಕುಂಗಳು ಎಲ್ಲಿ ಹೋಗಿ ಬಿದ್ದಿದ್ದವು ಅಂತ ಆಗ ಹೊಳೆಯಿತು. ಒಳಗೆ ಹೋದೆ. ನಾದಿನಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನಿಮಗೊಬ್ರಿಗೇ ಹೇಳಿದ್ದೆ ವೈನಿ. ನೀವ ಹಿಂಗ ಮಾಡಿದ್ರಿ."

ಅವಳ ದನಿ ಕೇಳಿ ನನಗೆ ಅಳು ಬಂತು. ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ಕೈ ಹಿಡಿದು ಪಡಸಾಲೆಗೆ ಕರೆತಂದೆ. ಎಲ್ಲರ ಮುಂದೆ ಲ್ಯಾಪ್‌ಟಾಪ್ ತೆರೆದು, ಕರಿ ಕಿಟಕಿ ಯಾವುದು, ಗ್ರೂಪ್ ಯಾವುದು, ಕರ್ಸರ್ ಎಲ್ಲಿ ಉಳಿದಿತ್ತು ಎಂದು ಮೊದಲಿಂದ ಪಾಠ ಮಾಡಿದೆ. ಹದಿನಾಲ್ಕು ವರ್ಷದಲ್ಲಿ ಯಾವ ಕ್ಲಾಸೂ ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ಹುಡುಗನ ತಂದೆ ಬಗ್ಗಿ ಪರದೆ ನೋಡಿದರು. "ಹಂಗಾದ್ರ ನಮಗ ಹೂಂ ಅಂದದ್ದು ಈ ಮನಿ ಮಗಳೂ ಅಲ್ಲ, ಸೊಸಿನೂ ಅಲ್ಲ?"

"ಅಲ್ರಿ ಮಾಮಾ. ತಪ್ಪ ನಂದು."

ಆಗ ನಾದಿನಿಯೇ ನೇರ ಹುಡುಗನನ್ನು ಕೇಳಿದಳು: "ಲಗ್ನ ಆದ್ರೂ ನಾ ದುಕಾನಕ್ಕ ಹೋಗ್ತೀನಿ. ನಡೀತದೇನ್ರಿ?"

ಹುಡುಗ ತಡವರಿಸಲಿಲ್ಲ. "ನಾನೂ ದುಕಾನಕ್ಕ ಹೋಗ್ತೀನ್ರಿ. ನೀವ ಒಬ್ರ ಮನ್ಯಾಗ ಕೂತು ಏನ ಮಾಡ್ತೀರಿ?"

ಅವಳ ಮುಖ ಸಡಿಲಾಯಿತು. ಆದರೂ ನಮ್ಮ ಹುಡುಗಿ ಗಟ್ಟಿ. "ಎಂಟ ದಿನ ವಿಚಾರ ಮಾಡಿ ಹೇಳ್ತೀನ್ರಿ" ಅಂದಳು. ಹುಡುಗನ ತಂದೆ ದೊಡ್ಡ ಮನಸ್ಸಿನವರು. "ಆಗಲಿ ತಾಯಿ. ನೀ ಹೂಂ ಅಂದ ಮ್ಯಾಲೇ ಬಾಯಿ ಸೀ ಮಾಡೂಣು. ಅಲ್ಲೀತನಕ ಇದು ಬ್ಯಾಡ" ಎನ್ನುತ್ತ ಪೇಢೆಯ ಪೆಟ್ಟಿಗೆ ಮುಚ್ಚಲು ಕೈ ಹಾಕಿದರು.

ಪೆಟ್ಟಿಗೆಯಲ್ಲಿ ಆರು ಪೇಢೆಯ ಒಂದು ಸಾಲು ಖಾಲಿ ಇತ್ತು.

ಎಲ್ಲರ ಕಣ್ಣುಗಳೂ ಮೂಲೆಯ ಕುರ್ಚಿಯ ಕಡೆ ಹೋದವು. ಅಲ್ಲಿ ನಮ್ಮ ಮಾವನವರು, ಸಕ್ಕರೆ ಕಾಯಿಲೆಯವರು, ಪಾಠ ನಡೆದಷ್ಟು ಹೊತ್ತೂ ಸದ್ದಿಲ್ಲದೆ ಕೂತಿದ್ದರು. ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ಮಗಳ ಕಡೆ ತಿರುಗಿ ಅಂದರು:

"ನೀ ಎಂಟ ದಿನ ತಗೋವ್ವಾ, ಹದಿನೈದ ದಿನ ತಗೋ. ನಂದು ಮಾತ್ರ ಆರ ಸಲ ಒಪ್ಪಿಗಿ ಆಗಿಹೋಗ್ಯದ."